ಘಾಜಿಯಾಬಾದಿನಲ್ಲಿ ಮದ್ದಿನ ಕಾವಲು

ದಿಲ್ಲಿಯ ಸೀಮೆಯಲ್ಲಿ ಹೊಟ್ಟೆಪಾಡಿಗಾಗಿ ನೆಲೆಸಿರುವ ನಮ್ಮವರಿಗೆ ಘಾಜಿಯಾಬಾದ್ ಹೊಸ ಊರಲ್ಲ. ರಾಜಧಾನಿಯ ಬಾಡಿಗೆಯನ್ನು ತೆರಲಾರದ ಗುಮಾಸ್ತರು ಅಲ್ಲಿ ಕೋಣೆ ಹಿಡಿದಿರುವುದುಂಟು. ಹೋಟೆಲಿನ ಕೆಲಸ ಮುಗಿಸಿ ಅಪರಾತ್ರಿಯಲ್ಲಿ ಹಿಂಡನ್ ಹೊಳೆಯ ಸೇತುವೆಯನ್ನು ದಾಟಿ ಮನೆ ಸೇರುವವರೂ ಉಂಟು. ಕಾರಖಾನೆಗಳ ಊರು, ನೂಕುನುಗ್ಗಲಿನ ಊರು, ಬೇಸಗೆಯಲ್ಲಿ ಧೂಳಿನ ಊರು ಎಂದಷ್ಟೇ ನಾವು ಅದನ್ನು ಬಲ್ಲೆವು. ಆದರೆ ಆ ಊರಿನ ರಾಜನಗರದ 23ನೆಯ ಸೆಕ್ಟರಿನಲ್ಲಿ ಒಂದು ಸಂಸ್ಥೆಯಿದೆ. ನಮ್ಮಲ್ಲಿ ಯಾರೇ ಆಗಲಿ, ಜ್ವರಕ್ಕೊಂದು ಗುಳಿಗೆ ನುಂಗುವಾಗಲೂ ಅರಿಯದೆಯೆ ಆ ಸಂಸ್ಥೆಯ ಋಣಕ್ಕೆ ಬೀಳುತ್ತೇವೆ. ಅದರ ಹೆಸರು ಇಂಡಿಯನ್ ಫಾರ್ಮಕೋಪಿಯಾ ಕಮಿಷನ್; ಕನ್ನಡದಲ್ಲಿ ಹೇಳುವುದಾದರೆ ಭಾರತೀಯ ಔಷಧಸಂಹಿತೆಯ ಆಯೋಗ.

ಆ ಸಂಸ್ಥೆಯ ನೆವದಿಂದ ಇಂದು ನಾವು ಬರೆಯಹೊರಟಿರುವುದು ಎಚ್.ಐ.ವಿ. ಎಂಬ ಸೋಂಕಿಗೆ ಕೊಡುವ ಮದ್ದಿನ ವಿಚಾರವನ್ನು. ಮನೆಮಂದಿ ಓದುವ ಪತ್ರಿಕೆಯಲ್ಲಿ ಈ ಮಾತೇಕೆ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಭಾರತದಲ್ಲಿ ಸುಮಾರು 25 ಲಕ್ಷ ಜನರು ಈ ಸೋಂಕಿನೊಡನೆ ಬಾಳುತ್ತಿದ್ದಾರೆ. ಊರು ಬಿಟ್ಟು, ಸಂಸಾರ ಬಿಟ್ಟು, ಹತ್ತು ಜನ ಒಂದೇ ಕೋಣೆಯಲ್ಲಿ ಮಲಗಿ ದುಡಿಯುವ ನಮ್ಮ ಬಂಧುಗಳಲ್ಲಿಯೂ ಅಂಥವರಿದ್ದಾರೆ. ಮಾತನ್ನು ಮುಚ್ಚಿಟ್ಟ ಮಾತ್ರಕ್ಕೆ ರೋಗ ಮುಚ್ಚಿಹೋಗದು. ಆದಕಾರಣ ಸಂಕೋಚವನ್ನು ಬದಿಗಿರಿಸಿ ಬರೆಯುತ್ತೇವೆ; ಓದುಗರೂ ಅದೇ ಭಾವದಿಂದ ಓದಬೇಕೆಂದು ಕೋರುತ್ತೇವೆ.

ಒಬ್ಬರ ಕಥೆ

ನಾವು ಬಲ್ಲ ಒಬ್ಬರಿದ್ದಾರೆ. ಹೆಸರು ಬೇಡ, ಕುಂದಾಪುರದ ಕಡೆಯವರು ಎಂದರೆ ಸಾಕು. ಇಲ್ಲಿನ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುವವರು. 2014ರಲ್ಲಿ ರಕ್ತಪರೀಕ್ಷೆಯಾಗಿ ಸೋಂಕಿದೆಯೆಂದು ತಿಳಿಯಿತು. ಸರಕಾರದ ಚಿಕಿತ್ಸಾಕೇಂದ್ರವೊಂದರಲ್ಲಿ ಪುಕ್ಕಟೆಯಾಗಿ ಗುಳಿಗೆ ದೊರೆಯತೊಡಗಿತು. ದಿನಕ್ಕೊಂದೇ ಗುಳಿಗೆ, ರಾತ್ರಿ ಮಲಗುವ ಮುನ್ನ ನುಂಗಬೇಕು. ಕೇಳುವುದಕ್ಕೆ ಬಹು ಸುಲಭ.

ಆದರೆ ಹೋಟೆಲಿನವನ ರಾತ್ರಿ ಎಲ್ಲರ ರಾತ್ರಿಯಂತಲ್ಲ. ಹನ್ನೊಂದೂವರೆಗೆ ಬಾಗಿಲು ಹಾಕಿ, ಉಳಿದ ಪಲ್ಯ, ಎಣ್ಣೆಯಲ್ಲಿ ಕರಿದುದು ಏನಿದೆಯೋ ಅದರೊಡನೆ ಅನ್ನ ಉಂಡು, ಗುಳಿಗೆ ನುಂಗಿ, ಹನ್ನೆರಡೂವರೆಗೆ ಮಲಗುವುದು. ನಾಲ್ಕೂವರೆಗೆ ಎದ್ದು ಒಲೆ ಹೊತ್ತಿಸುವುದು. ಎದ್ದಾಗ ತಲೆ ತಿರುಗುತ್ತಿತ್ತು. ಕಾವಲಿಯ ಮುಂದೆ ನಿಂತರೆ ನೆಲ ಜಾರಿದಂತೆ ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ ಕೆಟ್ಟ ಕನಸುಗಳು. ಕೈ ಸುಟ್ಟುಕೊಂಡದ್ದು ಎರಡು ಸಲ. ಕುಡಿದು ಬಂದಿದ್ದಾನೆಂದು ಗಲ್ಲಾದ ಮೇಲಿದ್ದವರು ಗದರಿಸಿದರು. ಕೆಲಸ ಉಳಿಯಬೇಕೆಂದು ಅವರು ಯಾರಿಗೂ ಹೇಳದೆ ಗುಳಿಗೆಯನ್ನು ಬಿಟ್ಟರು.

ಬಿಟ್ಟ ಮೊದಲಲ್ಲಿ ಹಾಯೆನಿಸಿತು. ವರುಷ ತುಂಬುವುದರೊಳಗಾಗಿ ಮೈ ಕರಗಿ, ಕೆಮ್ಮು ಹತ್ತಿ, ಕ್ಷಯವೆಂದು ತಿಳಿದಾಗ ಮರಳಿ ಆಸ್ಪತ್ರೆಯ ಮೆಟ್ಟಲು ಹತ್ತಬೇಕಾಯಿತು. ಮೊದಲೇಕೆ ಹೇಳಲಿಲ್ಲ ಎಂದು ವೈದ್ಯರು ಕೇಳಿದರಂತೆ. ಆ ಪ್ರಶ್ನೆಯನ್ನೇ ನಾವೂ ಕೇಳಿದಾಗ ಅವರೆಂದರು: "ಹೇಳುವುದು ಯಾರ ಹತ್ತಿರ ಮಾರಾಯ್ರೆ? ಪುಕ್ಕಟೆ ಕೊಡುವ ಮದ್ದು. ಅದಕ್ಕೆ ಕೊರತೆ ಹೇಳಿದರೆ ನಾಳೆಯಿಂದ ಬರಬೇಡ ಎಂದಾರು ಎಂದು ಹೆದರಿಕೆ."

ಈ ಒಂದು ಮಾತಿನ ಸಲುವಾಗಿಯೇ ಈ ಲೇಖನ. ಮದ್ದಿನ ಕೊರತೆಯನ್ನು ಹೇಳುವುದು ಕೃತಘ್ನತೆಯಲ್ಲ. ಅದು ಸಂಶೋಧನೆಯ ಒಂದು ಭಾಗ. ಇಂದು ಎಚ್.ಐ.ವಿ. ಸೋಂಕಿತರು ನುಂಗುವ ಗುಳಿಗೆ ಇಷ್ಟು ಸೌಮ್ಯವಾಗಿರುವುದಕ್ಕೆ ಪ್ರಯೋಗಶಾಲೆಯ ಪಂಡಿತರು ಎಷ್ಟು ಕಾರಣರೋ, ನುಂಗಿ ನೊಂದು ಬಾಯಿಬಿಟ್ಟು ಹೇಳಿದ ಸಾಮಾನ್ಯರೂ ಅಷ್ಟೇ ಕಾರಣರು. ಅದು ಹೇಗೆಂಬುದನ್ನು ಮೊದಲಿನಿಂದ ನೋಡೋಣ.

ರೋಗಾಣುವಿನ ಉಪಾಯ

ಅಮೆರಿಕದಲ್ಲಿ ಏಡ್ಸ್ ರೋಗದ ಮೊದಲ ವರದಿ ಬಂದುದು 1981ರಲ್ಲಿ. ಅದಕ್ಕೆ ಮೂಲವಾದ ವೈರಸ್ಸನ್ನು ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೊಂಟಾನ್ಯೆ ಅವರು 1983ರಲ್ಲಿ ಕಂಡುಹಿಡಿದರು. 2008ರಲ್ಲಿ ನೋಬೆಲ್ ಪಾರಿತೋಷಕ ಪಡೆದರು. ಭಾರತದಲ್ಲಿ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಡಾಕ್ಟರ್ ಸುನೀತಿ ಸೊಲೊಮನ್ ಮತ್ತು ಅವರ ಶಿಷ್ಯೆ ಸೆಲ್ಲಪ್ಪನ್ ನಿರ್ಮಲಾ ಅವರ ಶ್ರಮದಿಂದ.

ನಮ್ಮ ರಕ್ತದಲ್ಲಿ ಸಿ.ಡಿ.4 ಎಂಬ ಕಣಗಳಿವೆ. ಅವು ದೇಹದ ಕಾವಲುಗಾರರು. ಈ ವೈರಸ್ಸು ಬಂದು ಸೇರಿಕೊಳ್ಳುವುದು ಆ ಕಾವಲುಗಾರರ ಮನೆಯನ್ನೇ. ಅದು ತನ್ನ ಸಂತಾನದ ಬರಹವನ್ನು ಒಂದು ಲಿಪಿಯಲ್ಲಿ ಹೊತ್ತುತರುತ್ತದೆ. ಒಳಗೆ ಬಂದ ಬಳಿಕ ನಮ್ಮ ಕಣದ ಲಿಪಿಗೆ ಅದನ್ನು ಪರಿವರ್ತಿಸಿಕೊಳ್ಳುತ್ತದೆ. ಆಮೇಲೆ ನಮ್ಮ ಕಣದ ಮೂಲ ಕಡತದೊಳಗೆ ಆ ಹಾಳೆಯನ್ನು ಸೇರಿಸಿ ಹೊಲಿದುಬಿಡುತ್ತದೆ. ಅಲ್ಲಿಂದ ಮುಂದೆ ನಮ್ಮ ಕಣವೇ ವೈರಸ್ಸಿನ ಚಾಕರಿ ಮಾಡುತ್ತದೆ. ಕಟ್ಟಕಡೆಗೆ ಒಂದು ಕತ್ತರಿಯ ಕೆಲಸ ನಡೆದು, ಹೊಸ ವೈರಸ್ಸುಗಳು ಸಿದ್ಧವಾಗಿ ಹೊರಬೀಳುತ್ತವೆ. ಲಿಪಿ ಬದಲಿಸುವ, ಹೊಲಿಯುವ, ಕತ್ತರಿಸುವ ಈ ಮೂರು ಕೆಲಸಕ್ಕೂ ವೈರಸ್ಸಿನ ಬಳಿ ಮೂರು ಬೇರೆ ಬೇರೆ ಆಯುಧಗಳುಂಟು. ಇಂದಿನ ಮದ್ದುಗಳಲ್ಲಿ ಹೆಚ್ಚಿನವು ಈ ಆಯುಧಗಳಲ್ಲಿ ಒಂದನ್ನೋ ಎರಡನ್ನೋ ಮೊಂಡು ಮಾಡುವಂಥವು.

ಗುಮಾಸ್ತ ಮಿತ್ರರಿಗೆ ಇನ್ನೊಂದು ಸಂಗತಿ ಸುಲಭವಾಗಿ ಅರ್ಥವಾದೀತು. ಲಿಪಿ ಬದಲಿಸುವ ವೈರಸ್ಸಿನ ಗುಮಾಸ್ತ ಬಲು ಅಜಾಗರೂಕ. ನಕಲು ತೆಗೆದುದನ್ನು ತಾಳೆ ನೋಡುವ ಅಭ್ಯಾಸವಿಲ್ಲ. ದಿನವೊಂದಕ್ಕೆ ಕೋಟಿಗಟ್ಟಲೆ ನಕಲು ತೆಗೆಯುವಾಗ ತಪ್ಪುಗಳು ತುಂಬುತ್ತವೆ. ಆ ತಪ್ಪುಗಳಲ್ಲಿ ಯಾವುದೋ ಒಂದು, ಮದ್ದಿನಿಂದ ತಪ್ಪಿಸಿಕೊಳ್ಳುವ ದಾರಿಯಾಗಿ ಪರಿಣಮಿಸುತ್ತದೆ. ಒಂದೇ ಮದ್ದಿದ್ದರೆ ಅಂಥ ದಾರಿ ಬೇಗ ಸಿಕ್ಕುತ್ತದೆ. ಮೂರು ಮದ್ದುಗಳು ಒಮ್ಮೆಗೇ ಇದ್ದರೆ ಮೂರು ಬೀಗಗಳೂ ಒಂದೇ ಗಳಿಗೆಯಲ್ಲಿ ತೆರೆಯಬೇಕು, ಅದು ದುರ್ಲಭ.

ಈ ಸತ್ಯವನ್ನು ಜಗತ್ತು ಕಲಿತುದು ಕಷ್ಟದಿಂದ. ಮೊದಲ ಮದ್ದಾದ ಜಿಡೊವುಡಿನ್ ಎಂಬುದನ್ನು ಜೆರೋಮ್ ಹಾರ್ವಿಟ್ಸ್ ಎಂಬ ಅಮೆರಿಕನ್ ವಿಜ್ಞಾನಿ 1964ರಲ್ಲಿ ಕ್ಯಾನ್ಸರಿಗೆಂದು ತಯಾರಿಸಿ, ಪ್ರಯೋಜನ ಕಾಣದೆ ಕೈಬಿಟ್ಟಿದ್ದರು. ಅದೇ ಮದ್ದು 1987ರಲ್ಲಿ ಏಡ್ಸಿಗೆಂದು ಅಂಗೀಕೃತವಾಯಿತು. ಆರಂಭದಲ್ಲಿ ಅದನ್ನು ನಾಲ್ಕು ಗಂಟೆಗೊಮ್ಮೆ, ರಾತ್ರಿ ನಿದ್ದೆಯಿಂದೆದ್ದೂ ನುಂಗಬೇಕಾಗಿತ್ತು. ಅನೇಕರಿಗೆ ರಕ್ತಹೀನತೆ ಬಂತು. ಕೆಲಕಾಲದ ಮೇಲೆ ವೈರಸ್ಸು ಅದನ್ನು ಮೀರಿತು. 1996ರ ಸುಮಾರಿಗೆ ಮೂರು ಮದ್ದುಗಳ ಕೂಟ ಬಂದ ಮೇಲೆಯೇ ಸಾವಿನ ಸಂಖ್ಯೆ ಇಳಿಮುಖವಾಯಿತು. ಹಾಸಿಗೆ ಹಿಡಿದವರು ಎದ್ದು ಕೆಲಸಕ್ಕೆ ಹೋದರು.

ಬೆಲೆಯ ಬೇಲಿ ಮುರಿದದ್ದು

ಆದರೆ ಆ ಕೂಟದ ಬೆಲೆ ವರ್ಷಕ್ಕೆ ಹತ್ತರಿಂದ ಹದಿನೈದು ಸಾವಿರ ಡಾಲರು. ನಮ್ಮಂಥವರಿಗೆ ಅದು ಆಕಾಶದ ಹಣ್ಣು. ಇಲ್ಲಿ ನಮ್ಮ ದೇಶದ ಪಾತ್ರ ಬರುತ್ತದೆ. 1970ರ ಪೇಟೆಂಟು ಕಾಯಿದೆಯ ಪ್ರಕಾರ ಭಾರತದಲ್ಲಿ ಮದ್ದಿನ ಮೇಲೆ ಸ್ವಾಮ್ಯವಿರಲಿಲ್ಲ, ತಯಾರಿಸುವ ವಿಧಾನದ ಮೇಲೆ ಮಾತ್ರವಿತ್ತು. ಹೈದರಾಬಾದಿನ ರಸಾಯನಶಾಸ್ತ್ರಜ್ಞ ಡಾಕ್ಟರ್ ಎ. ವಿ. ರಾಮರಾವ್ ಅವರ ತಂಡ ಬೇರೊಂದು ವಿಧಾನದಿಂದ ಜಿಡೊವುಡಿನ್ ತಯಾರಿಸಿತು. ಮುಂಬಯಿಯ ಸಿಪ್ಲಾ ಕಂಪೆನಿ ಅದನ್ನು 1993ರಲ್ಲಿ ಮಾರಾಟಕ್ಕೆ ತಂದಿತು. 2001ರ ಫೆಬ್ರವರಿಯಲ್ಲಿ ಅದೇ ಕಂಪೆನಿಯ ಯೂಸುಫ್ ಹಮೀದ್ ಅವರು ಮೂರು ಮದ್ದುಗಳ ಕೂಟವನ್ನು ಧರ್ಮಾರ್ಥ ವೈದ್ಯಸಂಸ್ಥೆಗೆ ವರ್ಷಕ್ಕೆ 350 ಡಾಲರಿಗೆ, ಎಂದರೆ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆಗೆ, ಕೊಡುತ್ತೇವೆಂದು ಸಾರಿದರು. ಲೋಕ ಬೆರಗಾಯಿತು. ಆಫ್ರಿಕದ ಬಡವನಿಗೂ ಮದ್ದು ಸಿಕ್ಕುವ ಕಾಲ ಬಂತು.

ನಮ್ಮ ಸರಕಾರವು 2004ರ ಏಪ್ರಿಲ್ 1ರಂದು ಪುಕ್ಕಟೆ ಚಿಕಿತ್ಸೆಯನ್ನು ಆರಂಭಿಸಿತು. ಮೊದಲು ಆರಿಸಿಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಮದ್ದಿನ ಕೊರತೆ, ಮದ್ದಿನ ಸುಧಾರಣೆ

ಬೆಲೆ ಇಳಿಯಿತು, ಆದರೆ ಕೊರತೆಗಳು ಉಳಿದುವು. ಆ ಅಗ್ಗದ ಕೂಟದಲ್ಲಿ ಸ್ಟಾವುಡಿನ್ ಎಂಬ ಮದ್ದಿತ್ತು. ಪ್ರಾಣವನ್ನೇನೋ ಉಳಿಸುತ್ತಿತ್ತು, ಆದರೆ ಕೆಲವು ವರ್ಷ ನುಂಗಿದವರ ಕೆನ್ನೆಯ ಕೊಬ್ಬು ಕರಗಿ ಮುಖ ಗುಳಿಬೀಳುತ್ತಿತ್ತು, ಅಂಗಾಲುಗಳಲ್ಲಿ ಉರಿ, ಜೋಮು. ದಿನವಿಡೀ ನಿಂತು ದುಡಿಯುವ ಮಾಣಿಗೆ ಅಂಗಾಲು ಉರಿದರೆ ಗತಿಯೇನು? ಗುಳಿಬಿದ್ದ ಮುಖವಂತೂ ಮುಚ್ಚಿಟ್ಟ ರೋಗವನ್ನು ಬೀದಿಗೆ ಹೇಳುತ್ತಿತ್ತು. ಇಂಥ ದೂರುಗಳು ದೇಶದೇಶಗಳಿಂದ ಬಂದು ರಾಶಿಯಾದುವು. ಕಡೆಗೆ 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸ್ಟಾವುಡಿನನ್ನು ಕ್ರಮೇಣ ಕೈಬಿಡಬೇಕೆಂದು ಸಲಹೆಯಿತ್ತಿತು. ಭಾರತವೂ ಅದನ್ನು ಕೈಬಿಟ್ಟಿತು.

ನೆವಿರಪಿನ್ ಎಂಬುದು ಕೆಲವರಿಗೆ ಮೈಮೇಲೆ ದದ್ದು ಏಳಿಸಿ, ಯಕೃತ್ತಿಗೆ ಕೇಡು ಮಾಡುತ್ತಿತ್ತು. ಆಮೇಲೆ ಬಂದ ದಿನಕ್ಕೊಂದೇ ಗುಳಿಗೆಯಲ್ಲಿ ಟೆನೊಫೊವಿರ್, ಲಾಮಿವುಡಿನ್, ಎಫಾವಿರೆಂಜ್ ಎಂಬ ಮೂರಿದ್ದುವು. ಇವುಗಳಲ್ಲಿ ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ಭಾರವಾಗುವುದುಂಟು. ಎಫಾವಿರೆಂಜಿನ ದೋಷವೋ ತಲೆ ತಿರುಗುವುದು, ದುಃಸ್ವಪ್ನ. ನಮ್ಮ ಕುಂದಾಪುರದ ಮಿತ್ರರನ್ನು ಕಾಡಿದುದು ಇದೇ. ಎಫಾವಿರೆಂಜನ್ನು ಜಿಡ್ಡಿನ ಊಟದೊಡನೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ, ತೊಂದರೆಯೂ ಏರುತ್ತದೆ. ಬರಿ ಹೊಟ್ಟೆಯಲ್ಲಿ ನುಂಗಿ ಮಲಗಬೇಕೆಂದು ನಿಯಮ. ಆದರೆ ಹನ್ನೆರಡು ಗಂಟೆಗೆ ಕರಿದ ಪದಾರ್ಥದೊಡನೆ ಉಂಡು, ನಾಲ್ಕು ತಾಸಿನ ನಿದ್ದೆ ಮಾಡುವವನ ಬಾಳು ಆ ನಿಯಮಕ್ಕೆ ಹೊಂದುವುದಿಲ್ಲ. ಅವರು ಒಂದು ಮಾತು ಹೇಳಿದ್ದರೆ ಗುಳಿಗೆಯ ಹೊತ್ತನ್ನು ಬದಲಿಸಬಹುದಾಗಿತ್ತು. ಬೇಕಾದರೆ ಗುಳಿಗೆಯನ್ನೇ ಬದಲಿಸಬಹುದಾಗಿತ್ತು.

ಹೇಳದೆ ಬಿಟ್ಟುದರಿಂದ ಇನ್ನೊಂದು ಕೇಡಾಯಿತು. ಎಫಾವಿರೆಂಜ್ ರಕ್ತದಲ್ಲಿ ಬಹಳ ಕಾಲ ನಿಲ್ಲತಕ್ಕದ್ದು. ಜೊತೆಯ ಎರಡು ಮದ್ದುಗಳು ಬೇಗ ಕಳೆದುಹೋಗತಕ್ಕವು. ಮೂರನ್ನೂ ಒಮ್ಮೆಗೇ ಬಿಟ್ಟರೂ ಕೆಲವು ದಿನ ಎಫಾವಿರೆಂಜ್ ಒಂದೇ ಕಾವಲು ನಿಂತಂತೆ ಆಗುತ್ತದೆ. ಒಂಟಿ ಕಾವಲುಗಾರನನ್ನು ಮೀರುವುದು ವೈರಸ್ಸಿಗೆ ಕಷ್ಟವಲ್ಲ. ಅವರ ಕ್ಷಯ ವಾಸಿಯಾಯಿತು. ಆದರೆ ಮೊದಲಿನ ಗುಳಿಗೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಎರಡನೆಯ ಸಾಲಿನ ಮದ್ದು ಬೇಕಾಯಿತು.

ಘಾಜಿಯಾಬಾದಿನ ಕೆಲಸ

ಇಂಥ ದೂರುಗಳು ಸೇರುವ ಸ್ಥಳವೇ ಘಾಜಿಯಾಬಾದಿನ ಆಯೋಗ. ಅದರ ಕೆಲಸ ಎರಡು ಬಗೆಯದು.

ಮೊದಲನೆಯದು ಸಂಹಿತೆ. ಗುಳಿಗೆಯ ಪಟ್ಟಿಯ ಮೇಲೆ ಮದ್ದಿನ ಹೆಸರಿನ ಮುಂದೆ ಐ.ಪಿ. ಎಂಬ ಎರಡು ಅಕ್ಷರಗಳನ್ನು ಓದುಗರು ಕಂಡಿರಬಹುದು. ಇಂಡಿಯನ್ ಫಾರ್ಮಕೋಪಿಯಾದ ಲಕ್ಷಣಕ್ಕೆ ಈ ಮದ್ದು ಸರಿಹೊಂದಬೇಕು ಎಂಬುದು ಅದರ ಅರ್ಥ. ಆ ಗ್ರಂಥದ ಮೊದಲ ಆವೃತ್ತಿ ಹೊರಬಂದುದು 1955ರಲ್ಲಿ. ಮದ್ದಿನ ಗುಳಿಗೆಯಲ್ಲಿ ಹೇಳಿದಷ್ಟು ಸತ್ವವಿದೆಯೆ, ಹೊಟ್ಟೆಯಲ್ಲಿ ತಕ್ಕ ಹೊತ್ತಿಗೆ ಕರಗುತ್ತದೆಯೆ, ಬೇಡದ ಕಲ್ಮಷ ಸೇರಿದೆಯೆ ಎಂಬುದನ್ನು ಪರೀಕ್ಷಿಸುವ ಕ್ರಮವೆಲ್ಲ ಅದರಲ್ಲಿದೆ. 2007ರ ಆವೃತ್ತಿಯಲ್ಲಿ ಎಚ್.ಐ.ವಿ. ಮದ್ದುಗಳಿಗೆ ವಿಶೇಷ ಸ್ಥಾನ ಕೊಡಲಾಯಿತು. ಭಾರತದ ಗುಳಿಗೆಯನ್ನು ನಂಬಿ ಲೋಕದ ಬಡವರು ಬದುಕುತ್ತಿರುವಾಗ ಆ ಗುಳಿಗೆಗೊಂದು ಅಳತೆಗೋಲು ಬೇಕಷ್ಟೆ. 2009ರ ಜನವರಿಯಿಂದ ಆಯೋಗವು ಸ್ವಾಯತ್ತ ಸಂಸ್ಥೆಯಾಗಿ, ಸ್ವಂತ ಪ್ರಯೋಗಶಾಲೆಯೊಡನೆ ಈ ಕೆಲಸ ನಡೆಸುತ್ತಿದೆ.

ಎರಡನೆಯದೇ ದೂರಿನ ದಫ್ತರ. ಪ್ರಯೋಗಕಾಲದಲ್ಲಿ ಒಂದು ಮದ್ದನ್ನು ಕೆಲವು ನೂರು ಅಥವಾ ಕೆಲವು ಸಾವಿರ ಜನರಿಗೆ ಕೊಟ್ಟು ನೋಡುತ್ತಾರೆ. ಹತ್ತು ಸಾವಿರದಲ್ಲೊಬ್ಬರಿಗೆ ಆಗುವ ಕೇಡು ಅಲ್ಲಿ ಕಾಣುವುದಿಲ್ಲ. ಹತ್ತು ವರ್ಷ ನುಂಗಿದ ಮೇಲೆ ಕಾಣುವ ಕೇಡೂ ಅಲ್ಲಿ ಕಾಣುವುದಿಲ್ಲ. ಲಕ್ಷಾಂತರ ಜನ ನುಂಗಿದ ಬಳಿಕವೇ ಅವು ಹೊರಬೀಳುವುವು. ಆದುದರಿಂದ ಮದ್ದು ಅಂಗಡಿಗೆ ಬಂದ ಮೇಲೆಯೂ ಕಾವಲು ಬೇಕು. 2010ರಲ್ಲಿ ಭಾರತ ಸರಕಾರವು ಈ ಕಾವಲಿನ ಕಾರ್ಯಕ್ರಮವನ್ನು ಆರಂಭಿಸಿತು. ದಿಲ್ಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿದ್ದ ಅದರ ಕೇಂದ್ರ 2011ರ ಏಪ್ರಿಲ್ 15ರಂದು ಘಾಜಿಯಾಬಾದಿಗೆ ಬಂತು. ಆಸ್ಪತ್ರೆಗಳಲ್ಲಿರುವ ನೂರಾರು ನಿಗಾಕೇಂದ್ರಗಳಿಂದ ವರದಿಗಳು ಇಲ್ಲಿ ಸೇರುತ್ತವೆ. ಇಲ್ಲಿಂದ ಸ್ವೀಡನ್ ದೇಶದ ಉಪ್ಸಾಲಾ ನಗರದಲ್ಲಿರುವ ಜಾಗತಿಕ ಭಂಡಾರಕ್ಕೆ ಹೋಗುತ್ತವೆ. ತಜ್ಞರ ಮಂಡಳಿ ಅವುಗಳನ್ನು ಸೋಸಿ, ಎಚ್ಚರಿಕೆ ಕೊಡಬೇಕಾದಲ್ಲಿ ಔಷಧ ನಿಯಂತ್ರಕರಿಗೆ ಶಿಫಾರಸು ಮಾಡುತ್ತದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಕೇಂದ್ರವನ್ನು ತನ್ನ ಸಹಯೋಗಿ ಕೇಂದ್ರವೆಂದು ಮಾನ್ಯಮಾಡಿತು.

ವೈದ್ಯರು ಮಾತ್ರವಲ್ಲ, ಮದ್ದು ನುಂಗಿದವರೇ ನೇರವಾಗಿ ವರದಿ ಮಾಡಬಹುದು. ಅದಕ್ಕೊಂದು ನಮೂನೆಯಿದೆ, ಅದು ಕನ್ನಡದಲ್ಲಿಯೂ ಇದೆ ಎಂಬುದು ನಮಗೆ ಹೆಮ್ಮೆಯ ವಿಷಯ. ರೋಗಿಯ ಪೂರ್ತಿ ಹೆಸರು ಬೇಕಿಲ್ಲ, ಮೊದಲಕ್ಷರಗಳು ಸಾಕು. ಬರೆಯಲಾರದವರು ಶುಲ್ಕವಿಲ್ಲದ 1800-180-3024 ಎಂಬ ಸಂಖ್ಯೆಗೆ ಫೋನು ಮಾಡಬಹುದು. ವರದಿ ಮಾಡಿದ ಮಾತ್ರಕ್ಕೆ ವೈದ್ಯರನ್ನು ದೂರಿದಂತಾಗುವುದಿಲ್ಲ. ಮದ್ದು ನಿಲ್ಲುವುದೂ ಇಲ್ಲ.

ದೂರು ತಂದ ಗಾಬರಿ, ಲೆಕ್ಕ ತಂದ ಸಮಾಧಾನ

ದೂರಿನ ಲೆಕ್ಕ ಎಷ್ಟು ಅವಶ್ಯವೆಂಬುದಕ್ಕೆ ಇತ್ತೀಚಿನ ನಿದರ್ಶನವೊಂದನ್ನು ಕೊಡುತ್ತೇವೆ. ಎಫಾವಿರೆಂಜಿಗೆ ಬದಲಾಗಿ ಡೊಲುಟೆಗ್ರಾವಿರ್ ಎಂಬ ಮದ್ದು ಬಂತು. ಕಡತಕ್ಕೆ ಹಾಳೆ ಹೊಲಿಯುವ ಆಯುಧವನ್ನು ಇದು ತಡೆಯುತ್ತದೆ. ತಲೆ ತಿರುಗಿಸುವುದು ಕಡಿಮೆ; ವೈರಸ್ಸಿಗೆ ಇದನ್ನು ಮೀರುವುದೂ ಕಷ್ಟ. 2017ರಲ್ಲಿ ಭಾರತದ ಕಂಪೆನಿಗಳೊಡನೆ ಆದ ಒಪ್ಪಂದದಿಂದ ಈ ಕೂಟದ ಬೆಲೆ ಬಡದೇಶಗಳಿಗೆ ವರ್ಷಕ್ಕೆ ಸುಮಾರು 75 ಡಾಲರಿಗೆ ಇಳಿಯಿತು.

ಆದರೆ 2018ರ ಮೇ ತಿಂಗಳಲ್ಲಿ ಆಫ್ರಿಕದ ಬೋಟ್ಸ್ವಾನಾದಿಂದ ಗಾಬರಿಯ ಸುದ್ದಿ ಬಂತು. ಗರ್ಭ ನಿಂತಾಗ ಈ ಮದ್ದನ್ನು ನುಂಗುತ್ತಿದ್ದ ತಾಯಂದಿರ 426 ಶಿಶುಗಳಲ್ಲಿ ನಾಲ್ಕಕ್ಕೆ ಬೆನ್ನುಹುರಿಯ ಅಥವಾ ಮಿದುಳಿನ ಜನ್ಮದೋಷ ಕಂಡಿತ್ತು. ಜಗತ್ತಿನಾದ್ಯಂತ ಎಚ್ಚರಿಕೆ ಹೊರಟಿತು. ಆದರೆ ಬೋಟ್ಸ್ವಾನಾದ ದಾದಿಯರು ಹೆರಿಗೆಯ ಲೆಕ್ಕವನ್ನು ಬಿಡದೆ ಬರೆಯುತ್ತ ಹೋದರು. 2019ರಲ್ಲಿ 1683 ಹೆರಿಗೆಗಳ ಲೆಕ್ಕ ಕೂಡಿಬಂದಾಗ ದೋಷದ ಪ್ರಮಾಣ ಬಹಳ ಇಳಿದಿತ್ತು. ಮುಂದಿನ ವರ್ಷಗಳಲ್ಲಿ ಉಳಿದ ಮದ್ದುಗಳಿಗೂ ಇದಕ್ಕೂ ಅಂತರವೇ ಇಲ್ಲವೆಂದು ಸ್ಪಷ್ಟವಾಯಿತು. 2019ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯು ಹೆಂಗಸರಿಗೂ ಈ ಮದ್ದನ್ನು ಶಿಫಾರಸು ಮಾಡಿತು. ಗಾಬರಿ ಹುಟ್ಟಿಸಿದುದೂ ಲೆಕ್ಕವೇ, ಗಾಬರಿ ಕಳೆದುದೂ ಲೆಕ್ಕವೇ. ಭಾರತದ ಪುಕ್ಕಟೆ ಚಿಕಿತ್ಸೆಯಲ್ಲಿ 2020ರಿಂದ ಈ ಗುಳಿಗೆ ಬಳಕೆಗೆ ಬಂದಿದೆ.

ಇದಕ್ಕೂ ಕೊರತೆಗಳಿಲ್ಲದಿಲ್ಲ. ಕೆಲವರಿಗೆ ಮೈತೂಕ ಏರುವುದು, ನಿದ್ದೆ ಕೆಡುವುದು ಉಂಟು. ಹೋಟೆಲಿನವರು ವಿಶೇಷವಾಗಿ ನೆನಪಿಡತಕ್ಕ ಮಾತೊಂದಿದೆ: ಹೊತ್ತು ತಪ್ಪಿದ ಊಟದಿಂದ ಎದೆಯುರಿ ಬಂದು ನಾವು ಕುಡಿಯುವ ಹುಳಿತೇಗಿನ ಮದ್ದು, ಸುಣ್ಣದ ಅಂಶ ಅಥವಾ ಕಬ್ಬಿಣದ ಅಂಶವುಳ್ಳ ಗುಳಿಗೆ, ಇವು ಡೊಲುಟೆಗ್ರಾವಿರಿನ ಸತ್ವವನ್ನು ಹೊಟ್ಟೆಯಲ್ಲಿಯೇ ಹಿಡಿದುಬಿಡುತ್ತವೆ. ಅಂಥವನ್ನು ತೆಗೆದುಕೊಳ್ಳುವವರು ನಡುವೆ ಎಷ್ಟು ಗಂಟೆಯ ಅಂತರ ಬೇಕೆಂದು ಚಿಕಿತ್ಸಾಕೇಂದ್ರದಲ್ಲಿ ಕೇಳಿಕೊಳ್ಳಬೇಕು. ಕ್ಷಯದ ಮದ್ದನ್ನೋ ಸಕ್ಕರೆರೋಗದ ಮದ್ದನ್ನೋ ಸೇವಿಸುವವರು ಅದನ್ನೂ ಮುಚ್ಚಿಡದೆ ತಿಳಿಸಬೇಕು.

ಬೆಂಗಳೂರಿನಲ್ಲಿ ನಡೆದ ಶೋಧ

ನಮ್ಮ ನಾಡಿನವರೂ ಈ ಸಂಶೋಧನೆಯಲ್ಲಿ ಹಿಂದೆ ಬಿದ್ದಿಲ್ಲ. ಗುಳಿಗೆ ಮರೆಯದಂತೆ ಫೋನಿನ ಮೂಲಕ ನೆನಪಿಸಿದರೆ ಫಲವುಂಟೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿದ್ದ ಡಾಕ್ಟರ್ ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಕಡೆ 631 ಜನರಲ್ಲಿ ಪರೀಕ್ಷಿಸಿದರು. ಅರ್ಧ ಜನರಿಗೆ ವಾರಕ್ಕೊಮ್ಮೆ ಕರೆ, ಚಿತ್ರಸಂದೇಶ. ಉಳಿದರ್ಧಕ್ಕೆ ಎಂದಿನ ಆರೈಕೆ. 2014ರಲ್ಲಿ ಪ್ರಕಟವಾದ ಫಲಿತಾಂಶ ಏನು? ಎರಡು ಗುಂಪುಗಳಿಗೂ ಹೇಳತಕ್ಕ ಅಂತರವಿರಲಿಲ್ಲ. ಇದನ್ನು ಸೋಲೆಂದು ತಿಳಿಯಬಾರದು. ನಮಗೆ ತೋರುವಂತೆ ಇದರಲ್ಲೊಂದು ಪಾಠವಿದೆ: ಮನುಷ್ಯ ಗುಳಿಗೆ ಬಿಡುವುದು ಯಾವಾಗಲೂ ಮರೆವಿನಿಂದಲ್ಲ. ತಲೆ ತಿರುಗುವವನಿಗೆ ಗಂಟೆ ಬಾರಿಸಿ ನೆನಪಿಸಿದರೇನು ಫಲ? ಅವನ ತಲೆ ಏಕೆ ತಿರುಗುತ್ತದೆಂದು ಕೇಳಬೇಕು.

ಮದ್ದು ನುಂಗುತ್ತಿರುವಾಗಲೂ ವೈರಸ್ಸು ಪೂರ್ತಿ ಅಳಿಯುವುದಿಲ್ಲ. ಕೆಲವು ಕಣಗಳಲ್ಲಿ ಕುಂಭಕರ್ಣನಂತೆ ನಿದ್ರಿಸುತ್ತಿರುತ್ತದೆ. ಗುಳಿಗೆ ಬಿಟ್ಟರೆ ಎದ್ದು ಕೂರುತ್ತದೆ. ಈ ನಿದ್ರೆಯ ಗುಟ್ಟನ್ನು ಬಿಡಿಸಲು, ಭಾರತದಲ್ಲಿ ಹೆಚ್ಚಾಗಿರುವ ಸಿ ಎಂಬ ಉಪಜಾತಿಯ ವೈರಸ್ಸನ್ನೇ ಹಿಡಿದು ಜಕ್ಕೂರಿನ ಜವಾಹರಲಾಲ್ ನೆಹರೂ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ ದುಡಿದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಮುಗೇಶ್ ಮತ್ತು ಅಮಿತ್ ಸಿಂಗ್ ಅವರ ತಂಡಗಳು ವನೇಡಿಯಮ್ಮಿನ ಅತಿಸೂಕ್ಷ್ಮ ಹಾಳೆಗಳಿಂದ ಮಲಗಿದ ವೈರಸ್ಸು ಏಳದಂತೆ ತಡೆಯಬಹುದೆಂದು 2021ರಲ್ಲಿ ಪ್ರಯೋಗಶಾಲೆಯ ಕಣಗಳಲ್ಲಿ ತೋರಿಸಿದರು. ಅದಿನ್ನೂ ಮದ್ದಾಗಿಲ್ಲ; ಮದ್ದಿನತ್ತ ಒಂದು ಹೆಜ್ಜೆ.

ಹೊರದೇಶಗಳಲ್ಲಿಯೂ ಹೊಸ ದಾರಿ ತೆರೆದಿದೆ. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಾಕಾಪಾವಿರ್ ಎಂಬ ಮದ್ದನ್ನು ದಕ್ಷಿಣ ಆಫ್ರಿಕ ಮತ್ತು ಉಗಾಂಡದ 2134 ಸೋಂಕಿಲ್ಲದ ಯುವತಿಯರಿಗೆ ಮುನ್ನೆಚ್ಚರಿಕೆಗಾಗಿ ಕೊಟ್ಟಾಗ ಅವರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲವೆಂದು 2024ರಲ್ಲಿ ತಿಳಿದುಬಂತು. 2027ರಿಂದ ಅದನ್ನು ಅನೇಕ ಬಡದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವುದಾಗಿ ಹೈದರಾಬಾದಿನ ಎರಡು ಕಂಪೆನಿಗಳು 2025ರಲ್ಲಿ ಸಾರಿವೆ.

ನಾವು ಮಾಡಬೇಕಾದುದು

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಓದುಗರು ಮನಸ್ಸಿನಲ್ಲಿಡಬೇಕಾದ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇವೆ.

ಸೋಂಕು ಪಂಕ್ತಿಭೋಜನದಿಂದ ಹರಡುವುದಿಲ್ಲ. ಲೋಟ, ತಟ್ಟೆ, ಬೆವರು, ಒಂದೇ ಚಾಪೆ, ಒಂದೇ ಬಚ್ಚಲು, ಯಾವುದರಿಂದಲೂ ಹರಡುವುದಿಲ್ಲ. ಸೋಂಕುಳ್ಳವರು ಹೊಯ್ದ ದೋಸೆಯನ್ನು ಯಾರೂ ನಿಶ್ಚಿಂತೆಯಿಂದ ತಿನ್ನಬಹುದು. ಪುಣೆ, ಚೆನ್ನೈ ಸೇರಿ ಒಂಬತ್ತು ದೇಶಗಳ 1763 ದಂಪತಿಗಳಲ್ಲಿ ನಡೆದ ಪ್ರಯೋಗವೊಂದು, ಸೋಂಕುಳ್ಳವರು ಬೇಗನೆ ಮದ್ದು ಆರಂಭಿಸಿದರೆ ಸಂಗಾತಿಗೆ ಹರಡುವುದು ನೂರಕ್ಕೆ 96ರಷ್ಟು ತಗ್ಗುತ್ತದೆಂದು 2011ರಲ್ಲಿ ತೋರಿಸಿತು. ಗುಳಿಗೆಯನ್ನು ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ಸು ಕಾಣದಷ್ಟು ಅಡಗಿದರೆ, ಸಂಗಾತಿಗೆ ಕೂಟದಿಂದ ಸೋಂಕು ತಗಲುವುದಿಲ್ಲವೆಂದು ಮುಂದಿನ ಅಧ್ಯಯನಗಳು ಸ್ಥಿರಪಡಿಸಿವೆ. ಊರಿನಲ್ಲಿರುವ ಹೆಂಡತಿಯ ರಕ್ಷಣೆಯೂ ಆ ಗುಳಿಗೆಯಲ್ಲಿದೆ.

ಸೋಂಕಿದೆಯೆಂಬ ಕಾರಣಕ್ಕೆ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಕೆಲಸ ಕೊಡುವ ಮೊದಲು ಈ ಪರೀಕ್ಷೆಯನ್ನು ಕಡ್ಡಾಯ ಮಾಡಕೂಡದು. 2017ರ ಕಾಯಿದೆ ಇದನ್ನು ವಿಧಿಸಿದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಹೋಟೆಲಿನ ಯಜಮಾನರೂ ಇದನ್ನು ತಿಳಿದಿರಬೇಕು.

ಕೆಲಸ ಬಿಟ್ಟು ಬೇರೆ ಊರಿಗೆ ಹೋಗುವಾಗ ಚಿಕಿತ್ಸೆಯ ಪುಸ್ತಕವನ್ನು ಜೊತೆಗೊಯ್ಯಬೇಕು. ಮೊದಲೇ ತಿಳಿಸಿದರೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿಕೊಡುತ್ತಾರೆ; ಉಡುಪಿಯಲ್ಲಿ ಆರಂಭಿಸಿದುದನ್ನು ದಿಲ್ಲಿಯಲ್ಲಿ ಮುಂದುವರಿಸಬಹುದು. ಸಂದೇಹವಿದ್ದವರು 1097ಕ್ಕೆ ಫೋನು ಮಾಡಿದರೆ ಹೆಸರು ಹೇಳದೆಯೆ ಮಾಹಿತಿ ಪಡೆಯಬಹುದು.

ಎಲ್ಲಕ್ಕಿಂತ ಹೆಚ್ಚಾಗಿ, ಮದ್ದಿನಿಂದ ತೊಂದರೆಯಾದರೆ ಬಿಡಬೇಡಿರಿ, ಹೇಳಿರಿ. ಅಡಿಗೆಯವನಿಗೆ ಉಪ್ಪು ಹೆಚ್ಚಾಯಿತೆಂದು ಗಿರಾಕಿ ಹೇಳಿದರೆ ನಾಳೆಯ ಸಾರು ಸರಿಯಾಗುತ್ತದೆ. ಹೇಳದೆ ಎದ್ದುಹೋದರೆ ಸಾರೂ ಕೆಡುತ್ತದೆ, ಗಿರಾಕಿಯೂ ತಪ್ಪುತ್ತಾನೆ. ಹೋಟೆಲಿನವರಿಗೆ ನಾವು ಇದನ್ನು ಕಲಿಸಬೇಕಾಗಿಲ್ಲ.

ನಮ್ಮ ಕುಂದಾಪುರದ ಮಿತ್ರರು ಈಗ ಗುಣವಾಗಿದ್ದಾರೆ. ಕೆಲವು ತಿಂಗಳ ಹಿಂದೆ ಹೊಸ ಗುಳಿಗೆಯಿಂದ ನಿದ್ದೆ ಕೆಡುತ್ತದೆಂದು ಅವರಿಗೆ ಅನಿಸಿತು. ಈ ಸಲ ಅವರು ಸುಮ್ಮನಿರಲಿಲ್ಲ; ಮರುದಿನವೇ ಕೇಂದ್ರಕ್ಕೆ ಹೋಗಿ ಹೇಳಿದರು. ರಾತ್ರಿಯ ಬದಲು ಬೆಳಗ್ಗೆ ನುಂಗಲು ಸೂಚನೆಯಾಯಿತು. ನಾಲ್ಕೂವರೆಗೆ ಎದ್ದು, ಮುಖ ತೊಳೆದು, ಒಲೆ ಹೊತ್ತಿಸುವ ಮೊದಲು ಒಂದು ಲೋಟ ನೀರಿನೊಡನೆ ಗುಳಿಗೆ ನುಂಗುತ್ತಾರೆ. ಆಮೇಲೆ ಕಾವಲಿ ಕಾಯುತ್ತದೆ. ಆ ದಿನದ ಮೊದಲ ದೋಸೆ ಏಳುತ್ತದೆ.